ಒಂದೇ ಟಿಬಿ ಮಾತ್ರೆ, ಒಬ್ಬರಿಗೆ ತೊಂದರೆ, ಇನ್ನೊಬ್ಬರಿಗೆ ಏನೂ ಇಲ್ಲ: ಯಾಕೆ ಹೀಗೆ?

"ಟಿಬಿ ಮಾತ್ರೆ ಲಿವರ್ ಹಾಳು ಮಾಡುತ್ತದೆ, ಕೆಮ್ಮು ನಿಂತ ಕೂಡಲೇ ಬಿಟ್ಟುಬಿಡಿ" ಎಂಬಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತವೆ. ಅದರ ಕೆಳಗೇ "ನಮ್ಮ ಮಾವ ಆರು ತಿಂಗಳು ನುಂಗಿದರು, ಏನೂ ಆಗಲಿಲ್ಲ" ಎಂಬ ಉತ್ತರ. ಇಬ್ಬರ ಅನುಭವವೂ ನಿಜವಿರಬಹುದು. ಮಾತ್ರೆ ಬಿಡಿ ಎನ್ನುವ ಸಲಹೆ ಮಾತ್ರ ತಪ್ಪು.

ಟಿಬಿಗೆ ಕೊಡುವ ಮುಖ್ಯ ಔಷಧಗಳಲ್ಲಿ ಐಸೋನಿಯಾಜಿಡ್ ಒಂದು. 1952ರಿಂದ ಬಳಕೆಯಲ್ಲಿದೆ. ಇದನ್ನು ಒಡೆದು ಹೊರಹಾಕುವ ಕೆಲಸ ಲಿವರ್‌ನಲ್ಲಿರುವ ನ್ಯಾಟ್-2 ಎಂಬ ಕಿಣ್ವದ್ದು. ಈ ಕಿಣ್ವ ಎಷ್ಟು ಚುರುಕು ಎಂಬುದು ಅಪ್ಪ ಅಮ್ಮನಿಂದ ಬಂದ ಜೀನ್‌ನಲ್ಲೇ ನಿರ್ಧಾರವಾಗಿರುತ್ತದೆ. ಚುರುಕಾಗಿದ್ದವರ ರಕ್ತದಲ್ಲಿ ಔಷಧ ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕೆ ಇಳಿದರೆ, ನಿಧಾನದವರಲ್ಲಿ ಅದಕ್ಕೆ ಮೂರು ಗಂಟೆ ಬೇಕಾಗಬಹುದು. ಜಪಾನಿನಲ್ಲಿ ನಿಧಾನದವರು ಕಡಿಮೆ, ನಮ್ಮಲ್ಲಿ ಹೆಚ್ಚು. ಮೈಕಟ್ಟು ಗಟ್ಟಿಯೋ ಸಣಕಲೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿಧಾನದವರಿಗೆ ಕೈಕಾಲು ಜುಮ್ಮೆನ್ನುವುದು, ಲಿವರ್‌ಗೆ ಪೆಟ್ಟಾಗುವುದು ತುಸು ಹೆಚ್ಚು. ಕೈಕಾಲು ಜುಮ್ಮೆನ್ನದಿರಲೆಂದೇ ವೈದ್ಯರು ಜೊತೆಗೆ ಬಿ-6 ವಿಟಮಿನ್ ಕೊಡುವುದು. ಅದನ್ನು ಬರೀ ಶಕ್ತಿ ಮಾತ್ರೆ ಅಂದುಕೊಂಡು ಪಕ್ಕಕ್ಕಿಡುವವರಿದ್ದಾರೆ!

ಹಾಗಾದರೆ ಚುರುಕಿನವರೇ ಪುಣ್ಯವಂತರೇ? ಅದೂ ಅಲ್ಲ. ಮದ್ರಾಸಿನ ಕ್ಷಯರೋಗ ಸಂಶೋಧನಾ ಕೇಂದ್ರದಲ್ಲಿ 1960ರ ದಶಕದಲ್ಲಿ ವಾರಕ್ಕೊಮ್ಮೆ ಮಾತ್ರ ಔಷಧ ಕೊಟ್ಟು ನೋಡಿದರು. ಔಷಧವನ್ನು ಬೇಗ ಹೊರಹಾಕುವವರಲ್ಲಿ ಚಿಕಿತ್ಸೆ ಅಷ್ಟಾಗಿ ಫಲಿಸಲಿಲ್ಲ. ದಿನವೂ ಕೊಟ್ಟಾಗ ಈ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿಹೋಗುತ್ತದೆ. ಈಗ ನಮ್ಮ ಸರ್ಕಾರಿ ಚಿಕಿತ್ಸೆಯಲ್ಲಿ ದಿನವೂ ಮಾತ್ರೆ ಕೊಡುತ್ತಾರೆ. ಮಧ್ಯೆ ಮಧ್ಯೆ ತಪ್ಪಿಸಿದರೆ ನಾವೇ ಹಳೆಯ ತೊಂದರೆಯನ್ನು ಮನೆಗೆ ಕರೆದಂತೆ.

ಜೀನ್ ನೋಡಿ ಅಳತೆ ನಿಗದಿ ಮಾಡುವ ಪ್ರಯೋಗ ಜಪಾನಿನಲ್ಲಿ ನಡೆದಿದೆ. ನಿಧಾನದವರಿಗೆ ಡೋಸ್ ಇಳಿಸಿದಾಗ ಲಿವರ್ ತೊಂದರೆಯೂ ಕಡಿಮೆಯಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ತೂಕ ನೋಡಿಯೇ ಮಾತ್ರೆ ಕೊಡುವುದು. ಹಾಗೆಂದು ಮನೆಯಲ್ಲೇ ಅರ್ಧ ಮಾಡಿ ನುಂಗಬೇಡಿ. ನಾವು ಚುರುಕಿನವರೋ ನಿಧಾನದವರೋ ಕನ್ನಡಿ ನೋಡಿ ಹೇಳಲಾಗದು. ಡೋಸ್ ಕಡಿಮೆಯಾದರೆ ಉಳಿದ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಲಿವರ್ ತೊಂದರೆಗೆ ಜೀನ್ ಒಂದೇ ಕಾರಣವೂ ಅಲ್ಲ. ಕುಡಿತ, ವಯಸ್ಸು, ಮೊದಲೇ ಇದ್ದ ಹೆಪಟೈಟಿಸ್, ಜೊತೆಯ ಪೈರಜಿನಮೈಡ್ ಎಲ್ಲಕ್ಕೂ ಪಾಲಿದೆ.

ಮೂತ್ರ ಕಿತ್ತಳೆ ಬಣ್ಣವಾದರೆ ಗಾಬರಿ ಬೇಡ, ಅದು ರಿಫಾಂಪಿಸಿನ್‌ನ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಊಟವೇ ಸೇರದಿದ್ದರೆ ಮುಂದಿನ ಮಾತ್ರೆಗೆ ಮೊದಲೇ, ಅದೇ ದಿನ ವೈದ್ಯರನ್ನು ಕಾಣಿ. ಅವರು ರಕ್ತ ಪರೀಕ್ಷೆ ಮಾಡಿಸಿ, ಬೇಕಿದ್ದರೆ ಕೆಲವು ದಿನ ಔಷಧ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಮತ್ತೆ ಶುರುಮಾಡುತ್ತಾರೆ.