ಕಡತವು ಒತ್ತೆಯ ವಸ್ತುವಲ್ಲ

ಒಬ್ಬಂಟಿಯಾಗಿ ವೃತ್ತಿ ನಡೆಸುವ ವಕೀಲನು ಫೀಸು ಪೂರ್ಣವಾಗಿ ಸಲ್ಲುವ ತನಕ ಕಕ್ಷಿದಾರನ ಕಾಗದಪತ್ರಗಳನ್ನು ಕೈಬಿಡಬಾರದೆಂದು ಕಳೆದ ಸಂಚಿಕೆಯ ಲೇಖಕರು ಮಾಡಿರುವ ಉಪದೇಶವು ವ್ಯವಹಾರಜ್ಞಾನದ ವೇಷ ತೊಟ್ಟ ಅವಿವೇಕವಲ್ಲದೆ ಬೇರೆಯಲ್ಲ. ಬಾಕಿ ಫೀಸಿಗಾಗಿ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲನಿಗಿಲ್ಲವೆಂದೂ, ಹಾಗೆ ಮಾಡುವುದು ವೃತ್ತಿದುರ್ನಡತೆಯೆಂದೂ ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿಯೇ ತೀರ್ಪಿತ್ತಿದೆ. ಬಾಕಿಯ ವಸೂಲಿಗೆ ಕಾನೂನಿನ ಅನ್ಯ ಮಾರ್ಗಗಳು ತೆರೆದೇ ಇವೆ.

ಸಣ್ಣ ವಕೀಲನಿಗೆ ಬಾಕಿಯ ಬಾಧೆಯು ದುಸ್ಸಹವೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಪಹಣಿ, ಕ್ರಯಪತ್ರಗಳನ್ನು ಕೈಚೀಲದಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ತಾಲ್ಲೂಕು ಕೋರ್ಟಿಗೆ ಬಂದ ರೈತನು, ವಾಯಿದೆ ಹಿಂದಿನ ವಾರವೇ ಮುಂದಕ್ಕೆ ಹೋಯಿತೆಂಬುದನ್ನು ಗುಮಾಸ್ತನ ಬಾಯಿಂದ ಕೇಳಿ ಹಿಂದಿರುಗುವಾಗ, ಅವನಿಂದ ಕೃತಜ್ಞತೆಯನ್ನೂ ಸಕಾಲದ ಫೀಸನ್ನೂ ನಿರೀಕ್ಷಿಸುವುದು ಯಾವ ನ್ಯಾಯ? ವಕಾಲತ್ತಿಗೆ ರುಜು ಹಾಕಿಸುವ ದಿನವೇ ಯಾವ ಹಂತಕ್ಕೆ ಎಷ್ಟು ಫೀಸೆಂಬುದನ್ನು ಬರೆದುಕೊಡುವುದು, ಕೋರ್ಟು ಶುಲ್ಕಕ್ಕೆಂದು ಪಡೆದ ಹಣಕ್ಕೆ ವಕೀಲರ ಪರಿಷತ್ತಿನ ನಿಯಮಾನುಸಾರ ಪ್ರತ್ಯೇಕ ಲೆಕ್ಕವಿಡುವುದು, ಮುಂದಿನ ವಾಯಿದೆಯನ್ನು ಅಂದೇ ಸಂಜೆ ತಿಳಿಸುವುದು, ದುರ್ಬಲ ದಾವೆಯನ್ನು ದುರ್ಬಲವೆಂದೇ ಹೇಳುವುದು—ಇವು ಬಾಕಿಯನ್ನು ಬೆಳೆಯಗೊಡದ ಉಪಾಯಗಳು.

ಲೇಖಕರು ತಮ್ಮ ಸಲಹೆಯನ್ನು ಹಿಂತೆಗೆದುಕೊಳ್ಳಲಿ. ಅದನ್ನು ನಂಬಿ ನಡೆಯುವ ಕಿರಿಯ ವಕೀಲನು ಕಳೆದುಕೊಳ್ಳುವುದು ಬರಿಯ ಫೀಸನ್ನಲ್ಲ, ಸನ್ನದನ್ನೇ ಆದೀತು.