ಅವ್ವನ ನಡಿಗೆಗೆ ಲಂಡನ್ನು

ಮನೆಮಂದಿಯೆಲ್ಲ ಕೂಡಿ ದೂರದೇಶದ ಪ್ರವಾಸಕ್ಕೆ ಹೊರಡುವುದೆಂದರೆ ಮದುವೆ ಮಾಡಿದಷ್ಟೇ ಕಷ್ಟದ ಕೆಲಸ. ಮದುವೆಯಲ್ಲಾದರೂ ಬೀಗರ ಕಡೆಯವರನ್ನು ಒಲಿಸಿಕೊಂಡರೆ ಸಾಕು. ಪ್ರವಾಸದಲ್ಲಿ ಮನೆಯವರೆಲ್ಲರೂ ಬೀಗರೇ. ಒಬ್ಬರಿಗೆ ಅರಮನೆ ಬೇಕು, ಒಬ್ಬರಿಗೆ ಅಂಗಡಿ ಬೇಕು, ಒಬ್ಬರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಇನ್ನೊಬ್ಬರಿಗೆ ನಿದ್ರೆ ಬೇಕು. ಎಲ್ಲರೂ ಎಲ್ಲವನ್ನೂ ನೋಡಲು ಹೊರಟು, ಕೊನೆಗೆ ಯಾರಿಗೂ ಏನೂ ದಕ್ಕದೆ ಹೋಗುವ ಪ್ರವಾಸಗಳೇ ಹೆಚ್ಚು.

ಮುದ್ದೇಬಿಹಾಳದಲ್ಲಿ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಯಜಮಾನರು ಪ್ರೌಢಶಾಲೆಯ ಅಧ್ಯಾಪಕರು. ಅವರ ಪತ್ನಿ ಬ್ಯಾಂಕಿನಲ್ಲಿ ಉದ್ಯೋಗಿ. ಮಗಳು ಬಿ.ಎ. ತರಗತಿಯಲ್ಲಿ ಇತಿಹಾಸ ಓದುತ್ತಾಳೆ. ಮಗನಿಗೆ ಹನ್ನೆರಡು ವರ್ಷ. ಯಜಮಾನರ ತಾಯಿಗೆ ಎಪ್ಪತ್ತೆರಡು. ಆಕೆಯ ಕಿರಿಯ ಮಗ ಲಂಡನ್ನಿನಲ್ಲಿ ಕೆಲಸಕ್ಕಿದ್ದು, ನಾಲ್ಕು ವರ್ಷಗಳಿಂದ ಊರಿಗೆ ಬರಲಾಗಿಲ್ಲ. "ಬೇಸಿಗೆಯ ರಜೆಯಲ್ಲಿ ಎಲ್ಲರೂ ಬರ್ರಿ, ಮನಿ ಅದ, ಇರಾಕ ತೊಂದರಿ ಇಲ್ಲ" ಎಂದು ಅವನ ಕರೆ ಬಂದಿದೆ.

ಅಂದೇ ರಾತ್ರಿ ಊಟವಾದ ಮೇಲೆ ಒಂದು ನೋಟುಬುಕ್ಕು ತೆರೆಯಿತು. ಮಗ ಲಂಡನ್ ಟವರನ್ನೂ ಅಲ್ಲಿರುವ ಕೊಹಿನೂರನ್ನೂ ಬರೆಸಿದ. ಮಗಳು ಬ್ರಿಟಿಷ್ ಮ್ಯೂಸಿಯಮ್ಮನ್ನು ಬರೆಸಿದಳು. ಅದರ ಹಿಂದೆಯೇ, ೧೭೯೯ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟೀಪುವಿನ ಮರದ ಹುಲಿ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮನ್ನೂ ಸೇರಿಸಿದಳು. ತಾಯಿಗೆ ಕ್ಯೂ ಎಂಬಲ್ಲಿರುವ ಸಸ್ಯೋದ್ಯಾನದ ಆಸೆ. ಯಜಮಾನರು ಪಾರ್ಲಿಮೆಂಟ್ ಭವನದಿಂದ ಆರಂಭಿಸಿ, ಥೇಮ್ಸ್ ನದಿಯ ದಂಡೆಯಲ್ಲಿರುವ ಬಸವೇಶ್ವರರ ಪ್ರತಿಮೆಯವರೆಗೆ ಒಂಬತ್ತು ಹೆಸರುಗಳನ್ನು ಹೇಳಿದರು. ಪಟ್ಟಿ ಮುಗಿದಾಗ ಸ್ಥಳಗಳು ೨೩, ದಿನಗಳು ೭.

ಆಗ ಯಾರಿಗೋ ಅವ್ವನ ನೆನಪಾಯಿತು. ಕೇಳುವ ಮೊದಲೇ ಆಕೆ ಉತ್ತರ ಕೊಟ್ಟರು: "ನಾ ಯಾಕ ಬರಲಿ ತಮ್ಮಾ? ಈ ಮೊಣಕಾಲ ತಗೊಂಡು ಅಷ್ಟು ದೂರ ಎಲ್ಲಿ ಬರಲಿ? ನೀವು ಹೋಗಿ ಬರ್ರಿ. ನಾ ಮನಿ ನೋಡಿಕೊಂಡು ಇರತೀನಿ."

"ಹಂಗಂದ್ರ ಹೆಂಗ ಯವ್ವಾ" ಎಂದು ಯಜಮಾನರು ಒಂದು ಮಾತು ಅಂದರು. ಎರಡನೆಯ ಮಾತು ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ಅಲ್ಲಿದ್ದವರೆಲ್ಲರಿಗೂ ಒಳಗೊಳಗೇ ಹಗುರವೆನಿಸಿತ್ತು. ಮುದುಕಿಯ ಮೊಣಕಾಲನ್ನು ಕಟ್ಟಿಕೊಂಡು ೨೩ ಸ್ಥಳಗಳನ್ನು ನೋಡುವುದುಂಟೇ! ಅನೇಕ ಮನೆಗಳಲ್ಲಿ ಇಂಥ ನಿರ್ಧಾರಗಳು ಹೀಗೆಯೇ ಆಗುತ್ತವೆ. ಹಿರಿಯರು ಬೇಡವೆನ್ನುತ್ತಾರೆ, ಅದು ಸಂಕೋಚದ ಮಾತೆಂದು ತಿಳಿದೂ ಕಿರಿಯರು ಅದನ್ನು ಒಪ್ಪಿಗೆಯೆಂದು ಸ್ವೀಕರಿಸುತ್ತಾರೆ.

ಮಗಳು ಮಾತ್ರ ಪೆನ್ನು ಕೆಳಗಿಟ್ಟು ಕೇಳಿದಳು: "ಅಪ್ಪಾ, ಕಾಕಾ ಕರದದ್ದು ಯಾರನ್ನ ನೋಡಬೇಕಂತ? ಆಯಿನ್ನ ಬಿಟ್ಟು ನಾವಷ್ಟ ಹೋಗಿ ನಿಂತರ ಅವರಿಗೇನು ಹೇಳೋದು?"

ಈ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಪಟ್ಟಿಯನ್ನು ಹೊಸದಾಗಿ ಮಾಡುವುದೊಂದೇ ಉಳಿದ ದಾರಿ. ಅದಕ್ಕೆ ಮೊದಲು ಅವ್ವ ಎಷ್ಟು ನಡೆಯಬಲ್ಲರು ಎಂಬುದು ತಿಳಿಯಬೇಕು. ಅದನ್ನು ಲಂಡನ್ನಿನಲ್ಲಿ ತಿಳಿದುಕೊಳ್ಳುವುದಕ್ಕಿಂತ ಮನೆಯ ಸುತ್ತಮುತ್ತ ತಿಳಿದುಕೊಳ್ಳುವುದು ಸುಲಭ, ಅಗ್ಗವೂ ಹೌದು. ಒಂದು ಶನಿವಾರ, ಒಂದು ಭಾನುವಾರ, ಬಾಡಿಗೆಯ ಒಂದು ಕಾರು: ಮಗಳ ಸಲಹೆ ಇಷ್ಟೇ.

ಮೊದಲನೆಯ ದಿನ ಬೆಳಿಗ್ಗೆ ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಬಸವಣ್ಣನವರ ಪತ್ನಿ ನೀಲಾಂಬಿಕೆ ಐಕ್ಯಳಾದ ಸ್ಥಳವೆಂದು ಜನ ನಡೆದುಕೊಳ್ಳುವ, ಕೃಷ್ಣೆಯ ದಂಡೆಯ ಊರು. ಮಧ್ಯಾಹ್ನದ ಮೇಲೆ ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿ. ಮರುದಿನ, ಮೊದಲು ಸಿಂದಗಿ ತಾಲೂಕಿಗೆ ಸೇರಿದ್ದು ಈಗ ತಾನೇ ತಾಲೂಕಿನ ಕೇಂದ್ರವಾಗಿರುವ ದೇವರ ಹಿಪ್ಪರಗಿ. ಅದು ಶರಣ ಮಡಿವಾಳ ಮಾಚಿದೇವನ ಊರು. ಅಲ್ಲಿಂದ ಸಿಂದಗಿಯ ಮೇಲೆ ಇಂಡಿಗೆ, ಇಂಡಿಯಿಂದ ಸಾಲೋಟಗಿಗೆ. ಹನ್ನೆರಡು ವರ್ಷದ ಮಗ ಇವುಗಳಲ್ಲಿ ಬಾಗೇವಾಡಿಯೊಂದನ್ನು ಬಿಟ್ಟು ಬೇರಾವುದನ್ನೂ ಕಂಡವನಲ್ಲ; ಅದನ್ನಾದರೂ ಬಸ್ಸಿನ ಕಿಟಕಿಯಿಂದ ಕಂಡದ್ದು.

ಈ ಎರಡು ದಿನಗಳ ಪಾಠವನ್ನು ಮಗಳು ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಆಯಿ ಸಮನೆಲದ ಮೇಲೆ ಹದಿನೈದು ನಿಮಿಷ ಆರಾಮವಾಗಿ ನಡೆಯುತ್ತಾರೆ. ಆಮೇಲೆ ಹತ್ತು ನಿಮಿಷ ಕುಳಿತರೆ ಮತ್ತೆ ನಡೆಯುತ್ತಾರೆ. ಕಷ್ಟವಾಗುವುದು ಮೆಟ್ಟಿಲು, ಅದರಲ್ಲಿಯೂ ಇಳಿಯುವ ಮೆಟ್ಟಿಲು. ಬೆಳಗಿನ ಹೊತ್ತು ಉತ್ಸಾಹ. ಮಧ್ಯಾಹ್ನದ ಊಟದ ಮೇಲೆ ಒಂದು ತಾಸು ಅಡ್ಡಾಗಲೇಬೇಕು. ಶೌಚಾಲಯ ಎಲ್ಲಿದೆಯೆಂದು ಮೊದಲೇ ತಿಳಿದಿದ್ದರೆ ಧಾರಾಳವಾಗಿ ನೀರು ಕುಡಿಯುತ್ತಾರೆ. ಇಲ್ಲವಾದರೆ ಬಾಯಾರಿಕೊಂಡೇ ಇರುತ್ತಾರೆ, ಹೇಳುವುದಿಲ್ಲ.

ಬರೆದುಕೊಳ್ಳದೆ ಉಳಿದ ಪಾಠ ಇನ್ನೊಂದು. ಸಾಲೋಟಗಿಯಲ್ಲಿ ಮಗಳು ತನ್ನ ಓದಿನ ವಿಷಯವನ್ನು ಹೇಳಿದಳು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. ೯೪೫ರಲ್ಲಿ, ಇಲ್ಲೊಂದು ವಿದ್ಯಾಶಾಲೆಯಿತ್ತು. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ೨೭ ಮನೆಗಳಿದ್ದವು. ದೀಪದ ಎಣ್ಣೆಗೂ ಉಪಾಧ್ಯಾಯರ ಜೀವನಕ್ಕೂ ಭೂಮಿಯನ್ನು ದತ್ತಿ ಬಿಟ್ಟಿದ್ದರೆಂದು ಶಾಸನ ಹೇಳುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪಾಠ ನಡೆದ ಕುರುಹು ಸಿಗುವುದು ೧೦೯೬ರಿಂದ ಈಚೆಗೆ. ಯಜಮಾನರು ಹೆಮ್ಮೆಯಿಂದ ತಲೆದೂಗಿದರು. ಅವ್ವ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಇಪ್ಪತ್ತೇಳು ಮನಿ ಹುಡುಗರಿಗೆ ರೊಟ್ಟಿ ಬಡಿಯಾವ್ರು ಯಾರಿದ್ರವ್ವಾ?"

ಶಾಸನವನ್ನು ಕುರಿತು ಓದಿದವರ ತಲೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವ್ವನನ್ನು ಕರೆದೊಯ್ಯುವುದು ಕರ್ತವ್ಯವೆಂದು ಅಲ್ಲಿಯವರೆಗೆ ತಿಳಿದಿದ್ದವರಿಗೆ, ಅದು ತಮ್ಮದೇ ಲಾಭವೆಂದು ಆಗ ತೋರಿತು.

ಇನ್ನು ಕಾಗದಪತ್ರಗಳ ಮಾತು. ವೀಸಾ ಮನೆಗೆ ಒಂದಲ್ಲ, ತಲೆಗೆ ಒಂದು. ಚಿಕ್ಕ ಮಗನಿಗೂ ಬೇರೆಯೇ ಅರ್ಜಿ. ಒಂದೊಂದಕ್ಕೂ ನೂರು ಪೌಂಡಿನ ಮೇಲೆ ಶುಲ್ಕವಿದ್ದು, ಅರ್ಜಿ ತಿರಸ್ಕೃತವಾದರೆ ಹಣ ಹಿಂದಿರುಗದು. ಹೊರಡುವ ದಿನಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ಹಾಕಿ ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರಗಳಲ್ಲಿ ತೀರ್ಮಾನ ತಿಳಿಯುತ್ತದೆ. ಬೆರಳಚ್ಚಿಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾದುದರಿಂದ ಮುದ್ದೇಬಿಹಾಳದವರಿಗೆ ಅದೇ ಒಂದು ಪ್ರವಾಸ. ಹೊಲದ ಉತಾರದಂಥ ಕನ್ನಡದ ಕಾಗದಗಳಿಗೆ ಇಂಗ್ಲಿಷಿನ ಅನುವಾದವನ್ನು ಜೋಡಿಸಬೇಕು. ಕರೆದ ಮಗನ ಪತ್ರ, ಅವನ ಮನೆಯಲ್ಲಿ ಸ್ಥಳವಿದೆಯೆಂಬುದಕ್ಕೆ ಆಧಾರ, ಇಲ್ಲಿಯ ಉದ್ಯೋಗ ಹಾಗೂ ರಜೆಯ ಪತ್ರ, ಬ್ಯಾಂಕಿನ ಲೆಕ್ಕ, ಇವೆಲ್ಲ ಒಂದು ಕಡತದಲ್ಲಿರಲಿ. ವೀಸಾ ಕೈಗೆ ಬರುವ ಮುನ್ನ ಹಿಂದಿರುಗಿಸಲಾಗದ ವಿಮಾನದ ಟಿಕೆಟು ಕೊಳ್ಳುವುದು ಜಾಣತನವಲ್ಲ. ಹಿರಿಯರಿಗೆ ಪ್ರವಾಸದ ವಿಮೆ ಮಾಡಿಸುವಾಗ ಮೊಣಕಾಲಿನ ನೋವನ್ನೂ ರಕ್ತದೊತ್ತಡವನ್ನೂ ಮುಚ್ಚಿಡಬಾರದು. ಗುಳಿಗೆಗಳೂ ವೈದ್ಯರ ಚೀಟಿಯೂ ಕೈಚೀಲದಲ್ಲಿಯೇ ಇರಬೇಕು.

ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನದಲ್ಲಿ ಹತ್ತರಿಂದ ಹನ್ನೊಂದು ತಾಸು. ಮೊದಲೇ ತಿಳಿಸಿದರೆ ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯನ್ನು ಒದಗಿಸುತ್ತಾರೆ. ತಾಯಿಯನ್ನು ಅದರಲ್ಲಿ ಕೂರಿಸಲು ಯಜಮಾನರಿಗೆ ಮನಸ್ಸಿಲ್ಲ. ನಾಲ್ಕು ಜನ ಏನೆಂದಾರು! ಅವ್ವನೇ ಅದನ್ನು ತೀರಿಸಿದರು: "ಜಾತ್ರಿಗೆ ಬಂಡಿ ಹೂಡಿಸಿ ಕುಂಡ್ರಿಸಿದಾಗ ನಾಚಿಕಿ ಬಂದಿತ್ತೇನು? ಇದೂ ಬಂಡಿನಽ ಅಲ್ಲೇನು?"

ಬುತ್ತಿಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ದೇಶದಿಂದ ಹೋಗುವವರು ಹಾಲಿನ ಪದಾರ್ಥಗಳನ್ನು ಆ ದೇಶಕ್ಕೆ ಒಯ್ಯುವಂತಿಲ್ಲ. ಆದ್ದರಿಂದ ತುಪ್ಪದ ಡಬ್ಬಿಯೂ ಪೇಢೆಯ ಪೆಟ್ಟಿಗೆಯೂ ಮನೆಯಲ್ಲಿಯೇ ಉಳಿಯಬೇಕು. ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಇಂಡಿಯ ಲಿಂಬೆಯ ಉಪ್ಪಿನಕಾಯಿ, ಇವುಗಳಿಗೆ ಆ ಅಡ್ಡಿಯಿಲ್ಲ.

ಹೊಸ ಪಟ್ಟಿಯ ಸೂತ್ರ ಸರಳವಾದುದು. ದಿನಕ್ಕೆ ಒಂದೇ ಸ್ಥಳ, ಅದೂ ಬೆಳಗಿನ ಹೊತ್ತು; ಮಧ್ಯಾಹ್ನ ಮನೆಗೆ. ತಲುಪಿದ ದಿನ ಏನೂ ಇಲ್ಲ. ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದೆ. ಮೇ ತಿಂಗಳ ಕೊನೆಗೆ ಅಲ್ಲಿ ರಾತ್ರಿ ಒಂಬತ್ತರವರೆಗೂ ಹಗಲು. ಬೆಳಕಿದೆಯೆಂದು ತಿರುಗುತ್ತಲೇ ಇದ್ದರೆ ಮೂರನೆಯ ದಿನಕ್ಕೆ ಮನೆಮಂದಿಯೆಲ್ಲ ಹಾಸಿಗೆ ಹಿಡಿಯುತ್ತಾರೆ. ನೆಲದೊಳಗಿನ ರೈಲು ೧೮೬೩ರಷ್ಟು ಹಳೆಯದು. ಅನೇಕ ನಿಲ್ದಾಣಗಳಲ್ಲಿ ಮೆಟ್ಟಿಲುಗಳೇ ಗತಿ. ಅವ್ವನಿಗೆ ಬಸ್ಸೇ ಲೇಸು: ಹತ್ತುವ ಮೆಟ್ಟಿಲು ತಗ್ಗು, ಕಿಟಕಿಯ ಹೊರಗೆ ಊರೆಲ್ಲ ಕಾಣುತ್ತದೆ. ಆದರೆ ಆ ಬಸ್ಸುಗಳಲ್ಲಿ ೨೦೧೪ರಿಂದ ನಗದು ನಡೆಯುವುದಿಲ್ಲ, ಕಾರ್ಡನ್ನೇ ಮುಟ್ಟಿಸಬೇಕು.

ಬ್ರಿಟಿಷ್ ಮ್ಯೂಸಿಯಮ್ಮಿನ ಶಾಶ್ವತ ಸಂಗ್ರಹವನ್ನು ನೋಡಲು ಹಣವಿಲ್ಲ. ಹಣವಿಲ್ಲವೆಂದ ಮೇಲೆ ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಬೇಕೆಂಬ ಹಟವೂ ಬೇಡ. ಮಗಳು ಆರಿಸಿದ್ದು ಒಂದೇ ಶಾಲೆ: ಅಮರಾವತಿಯ ಶಿಲ್ಪಗಳಿರುವ ಕೋಣೆ. ೧೮೮೦ರಲ್ಲಿ ಆ ಮ್ಯೂಸಿಯಮ್ಮಿಗೆ ಸೇರಿದ ಆ ಕಲ್ಲುಗಳು ಕೃಷ್ಣೆಯ ದಂಡೆಯ ಬೌದ್ಧ ಸ್ತೂಪದವು. ತಂಗಡಗಿಯಲ್ಲಿ ಕೈಯಾರೆ ಮುಟ್ಟಿ ಕಣ್ಣಿಗೊತ್ತಿಕೊಂಡ ನೀರೇ ಮುಂದೆ ಹರಿದು ಅಮರಾವತಿಯ ಮಗ್ಗುಲಿನಲ್ಲಿ ಹೋಗುತ್ತದೆಂದು ತಿಳಿದಾಗ, ಅವ್ವನಿಗೆ ಆ ಕೋಣೆ ಪರದೇಶವೆನಿಸುವುದಿಲ್ಲ. ಕೊಹಿನೂರು ಸಹ ಕೃಷ್ಣಾತೀರದ ಕೊಲ್ಲೂರಿನ ಗಣಿಯದೆಂದು ಹೇಳುವುದುಂಟು. ಆದರೆ ಟವರಿನಲ್ಲಿ ಮೆಟ್ಟಿಲು ಹೆಚ್ಚು, ಟಿಕೆಟಿನ ಬೆಲೆಯೂ ಹೆಚ್ಚು. ಅಲ್ಲಿಗೆ ತಂದೆ ಮಗ ಇಬ್ಬರೇ ಹೋಗಲಿ; ಅಂದು ಅವ್ವ ಕಿರಿಯ ಮಗನ ಮನೆಯಲ್ಲಿ ಕಾಲು ಚಾಚಿ ಮಾತಾಡಲಿ. ಒಟ್ಟಿಗೆ ಹೋಗುವುದೆಂದರೆ ಎಲ್ಲ ಗಳಿಗೆಯೂ ಒಟ್ಟಿಗೇ ಇರುವುದೆಂದಲ್ಲ.

ಎಲ್ಲರೂ ಕೂಡಿ ಹೋಗಲೇಬೇಕೆಂದು ಗೊತ್ತಾದ ದಿನವೊಂದಿದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ ನದಿಯ ದಂಡೆಯ ಸಮನಾದ ಹಾದಿಯನ್ನು ಹಿಡಿದರೆ ಒಂದು ಉದ್ದನೆಯ ಗೋಡೆ. ಕೋವಿಡ್ ಬೇನೆಯಲ್ಲಿ ಸತ್ತವರಿಗಾಗಿ ೨೦೨೧ರಿಂದ ಅದರ ಮೇಲೆ ಬರೆದ ಕೆಂಪು ಹೃದಯಗಳು ಎರಡು ಲಕ್ಷಕ್ಕೂ ಹೆಚ್ಚು. ಆ ಬೇನೆಯಲ್ಲಿ ಬಂಧುಗಳನ್ನು ಕಳೆದುಕೊಳ್ಳದ ಊರು ಇಲ್ಲಿಯೂ ಇಲ್ಲವಾದ್ದರಿಂದ ಅದನ್ನು ಯಾರೂ ಅವ್ವನಿಗೆ ವಿವರಿಸಬೇಕಾದುದಿಲ್ಲ. ಗೋಡೆಯನ್ನು ದಾಟಿ ಇನ್ನೂ ಮುಂದೆ ನಡೆದರೆ, ಲ್ಯಾಂಬೆತ್ತಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವೇಶ್ವರರು. ಲ್ಯಾಂಬೆತ್ತಿನ ಮೇಯರರಾಗಿದ್ದ ಕಲಬುರಗಿಯ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಈ ಪ್ರತಿಮೆಯನ್ನು ೨೦೧೫ರ ನವೆಂಬರ್ ೧೪ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದರು. ಆಚೆಯ ದಡದಲ್ಲಿ ಪಾರ್ಲಿಮೆಂಟ್ ಭವನ. ಬಾಗೇವಾಡಿಯನ್ನು ಮೊದಲು ನೋಡಿ ಬಂದ ಹುಡುಗನಿಗೆ ಇವರು ಯಾರೆಂದು ಅಲ್ಲಿ ಹೇಳಿಕೊಡಬೇಕಾಗಿಲ್ಲ. ದಾರಿಹೋಕರು ಕೇಳಿದರೆ ಅವನೇ ಹೇಳಬಲ್ಲನು. ಸುಮಾರು ಒಂದು ಕಿಲೋಮೀಟರಿನ ಈ ದಾರಿಯನ್ನು ಅವ್ವನ ಲೆಕ್ಕದಲ್ಲಿ ನಡೆದರೆ ಒಂದು ತಾಸು, ನಡುವೆ ಎರಡು ವಿಶ್ರಾಂತಿ. ಆ ದಿನದ ಎದುರು ನೋಟುಬುಕ್ಕಿನಲ್ಲಿ ಬೇರಾವ ಸ್ಥಳದ ಹೆಸರೂ ಇಲ್ಲ.

೨೩ರಲ್ಲಿ ಉಳಿದದ್ದು ಐದು. ಹೊಡೆದುಹಾಕಿದ ಹದಿನೆಂಟನ್ನು ಕಂಡು ಮಗ ಮುಖ ಸಣ್ಣದು ಮಾಡಿದ್ದು ನಿಜ. ಕಾಕಾನೊಡನೆ ಒಂದು ಸಂಜೆ ಬಸ್ಸಿನ ಮೇಲಂತಸ್ತಿನ ಮುಂದಿನ ಆಸನದಲ್ಲಿ ಕುಳಿತು ಊರು ಸುತ್ತುವ ವಚನ ಸಿಕ್ಕ ಮೇಲೆ ಸಮಾಧಾನವಾಯಿತು.

ಎಲ್ಲ ಬರೆದು ಮುಗಿಸಿ ಮಗಳು ನೋಟುಬುಕ್ಕನ್ನು ಮುಚ್ಚುವ ಹೊತ್ತಿಗೆ ಅವ್ವ ಹತ್ತಿರ ಬಂದು ಕುಳಿತರು. "ನಂದೂ ಒಂದು ಬರಕೋ ಯವ್ವಾ" ಎಂದರು. ಪ್ರವಾಸದ ಮಾತು ಎದ್ದ ಮೇಲೆ ಆಕೆ ತಮಗಾಗಿ ಕೇಳಿದ್ದು ಇದೊಂದೇ. ಮಗಳು ಪೆನ್ನು ತೆಗೆದು ಆರನೆಯ ಸಾಲಿನಲ್ಲಿ ಬರೆದುಕೊಂಡಳು: "ಒಂದು ದಿನ, ಕಾಕಾನ ಮನಿಯೊಳಗ ಆಯಿ ಬಿಸಿ ರೊಟ್ಟಿ ಬಡೀತಾಳ. ಅವತ್ತ ಯಾರೂ ಹೊರಗ ಹೋಗಾಂಗಿಲ್ಲ."