ಅಷ್ಟು ಲಾಭದ ಕಸವಾದರೆ ತಾವೇ ಇಟ್ಟುಕೊಳ್ಳಲಿ

ತ್ಯಾಜ್ಯವೂ ಒಂದು ಸರಕೇ, ಅದನ್ನು ಬಡ ರಾಷ್ಟ್ರಗಳು ಬರಮಾಡಿಕೊಂಡರೆ ಅಲ್ಲಿಯ ಜನಕ್ಕೆ ಉದ್ಯೋಗ ದೊರೆಯುವುದು, ಆದಕಾರಣ ಇದನ್ನು ವಿರೋಧಿಸುವವರೆಲ್ಲರೂ ಪ್ರಗತಿಯ ಶತ್ರುಗಳು ಎಂದು ಉಪದೇಶಿಸುವ ಪಂಡಿತರಿಗೆ ನನ್ನದು ಒಂದೇ ಪ್ರಶ್ನೆ: ಇಷ್ಟು ನಿರಪಾಯವೂ ಲಾಭದಾಯಕವೂ ಆದ ಸರಕನ್ನು ತಾವು ತಮ್ಮ ಹಿತ್ತಿಲಿನಲ್ಲಿಯೇ ಏಕೆ ಇರಿಸಿಕೊಳ್ಳಬಾರದು?

1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಕಸವನ್ನು ಸುಟ್ಟ ಬೂದಿ, ಸುಮಾರು 14,000 ಟನ್ನು, 'ಖಿಯಾನ್ ಸೀ' ಎಂಬ ಹಡಗನ್ನೇರಿ ಹೊರಟಿತು. ಬಂದರು ಬಂದರುಗಳಲ್ಲಿ ತಿರಸ್ಕೃತವಾದ ಆ ನೌಕೆಯು ಕಟ್ಟಕಡೆಗೆ ಹೈಟಿಯ ಗೊನಾಯೀವ್ ತೀರದಲ್ಲಿ, ಗೊಬ್ಬರವೆಂಬ ಹೆಸರಿನಿಂದ, ಸುಮಾರು 4,000 ಟನ್ನು ಬೂದಿಯನ್ನು ಸುರಿದು, ಉಳಿದುದನ್ನು ಕಡಲಿಗೆ ಚೆಲ್ಲಿ, ತನ್ನ ಹೆಸರನ್ನು ಎರಡು ಬಾರಿ ಬದಲಾಯಿಸಿಕೊಂಡು, ಬರಿದಾಗಿ ಸಿಂಗಪುರವನ್ನು ಸೇರಿತು. ಅಂತಹ ಅಮೂಲ್ಯ ಗೊಬ್ಬರವನ್ನು ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯದ ರೈತರು ಮುಗಿಬಿದ್ದು ಕೊಳ್ಳಬೇಕಾಗಿತ್ತಷ್ಟೆ! ಕೊಳ್ಳಲಿಲ್ಲ. ಹೈಟಿಯ ಬೂದಿ ತೌರಿಗೆ ಮರಳಿ ಮಣ್ಣು ಸೇರಿದ್ದು 2002ರಲ್ಲಿ.

ವಿಶ್ವಬ್ಯಾಂಕಿನ ಮುಖ್ಯ ಅರ್ಥಶಾಸ್ತ್ರಜ್ಞರಾಗಿದ್ದ ಲಾರೆನ್ಸ್ ಸಮರ್ಸ್ ಅವರ ಸಹಿ ಹೊತ್ತ 1991ರ ಟಿಪ್ಪಣಿಯೊಂದು, ಕೂಲಿ ಅತ್ಯಲ್ಪವಾಗಿರುವ ದೇಶದಲ್ಲಿ ವಿಷವನ್ನು ಸುರಿಯುವುದು ಅರ್ಥಶಾಸ್ತ್ರದ ತರ್ಕಕ್ಕೆ ಸರ್ವಥಾ ಸಮ್ಮತವೆಂದು ಸಾರಿತು. ಅಂದರೆ, ಕಡಿಮೆ ಗಳಿಸುವವನು ಸತ್ತರೆ ನಷ್ಟವೂ ಕಡಿಮೆ. ಗುಟ್ಟು ರಟ್ಟಾದ ಬಳಿಕ ಅದು ಬರಿಯ ವ್ಯಂಗ್ಯವೆಂಬ ಸಮಜಾಯಿಷಿ ಹೊರಟಿತು. ವ್ಯಂಗ್ಯವಂತೆ! 2006ರಲ್ಲಿ 'ಪ್ರೊಬೊ ಕೊಆಲಾ' ಹಡಗಿನಿಂದ ಇಳಿಸಿದ ದುರ್ನಾತದ ರೊಚ್ಚನ್ನು ಐವರಿ ಕೋಸ್ಟಿನ ಅಬಿಜಾನ್ ನಗರದ ಹಲವೆಡೆ ಸುರಿದಾಗ, ಉಸಿರು ಕಟ್ಟಿ, ವಾಂತಿ ಮಾಡಿಕೊಳ್ಳುತ್ತ ಆಸ್ಪತ್ರೆಗಳಿಗೆ ಧಾವಿಸಿದ ಲಕ್ಷಕ್ಕೂ ಮಿಕ್ಕ ಜನರು ಆ ವಿನೋದವನ್ನು ಆಸ್ವಾದಿಸಲಾರದೆ ಹೋದರು.

ಅಮೆರಿಕವನ್ನು ಬೈದು ಕೈತೊಳೆದುಕೊಳ್ಳುವ ಬೆಂಗಳೂರಿನ ಸಜ್ಜನರೇನೂ ಇದಕ್ಕಿಂತ ಮೇಲಲ್ಲ. ಕೊಳೆನೀರನ್ನು ರಸ್ತೆಯುದ್ದಕ್ಕೂ ತೊಟ್ಟಿಕ್ಕಿಸುತ್ತ ನಗರದಾಚೆಯ ಹಳ್ಳಿಗಳಾದ ಮಾವಳ್ಳಿಪುರಕ್ಕೂ ಮಂಡೂರಿಗೂ ಓಡಿದ ಲಾರಿಗಳು ಯಾರ ಮನೆಯ ಕಸವನ್ನು ಹೊತ್ತಿದ್ದವು? 2014ರಲ್ಲಿ ಮಂಡೂರಿನವರು ಇನ್ನು ಸಾಕೆಂದು ದಾರಿಗಡ್ಡ ನಿಂತಾಗ, ಅವರನ್ನು ಹಠಮಾರಿಗಳೆಂದು ಹಳಿದ ಮಹನೀಯರಲ್ಲಿ ಒಬ್ಬರಾದರೂ ತಮ್ಮ ಬಡಾವಣೆಯ ಉದ್ಯಾನವನ್ನು ಕಸಕ್ಕೆ ಬಿಟ್ಟುಕೊಡಲು ಮುಂದಾದರೆ?

ಕಾನೂನಿಲ್ಲವೆ ಎಂದರೆ, ಇದೆ. ಅಪಾಯಕಾರಿ ತ್ಯಾಜ್ಯವು ಗಡಿ ದಾಟುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದ 1989ರಷ್ಟು ಹಳೆಯದು. ಸಹಿ ಹಾಕಿದ ಅಮೆರಿಕವು ಅದನ್ನು ಇಂದಿಗೂ ಅನುಮೋದಿಸಿಲ್ಲ. ಸಿರಿವಂತ ದೇಶಗಳು ಬಡ ದೇಶಗಳಿಗೆ ವಿಷತ್ಯಾಜ್ಯವನ್ನು ಸಾಗಿಸಬಾರದೆಂಬ 1995ರ ತಿದ್ದುಪಡಿ ಜಾರಿಗೆ ಬಂದದ್ದು 2019ರಲ್ಲಿ. ಇನ್ನು ಆಗಬೇಕಾದದ್ದು ಇಷ್ಟೆ: ಕಸ ಹುಟ್ಟಿದ ಸೀಮೆಯಲ್ಲಿಯೇ ಅದು ಕೊನೆಗಾಣತಕ್ಕದ್ದು. ಗಡಿ ದಾಟಿದ ಹಡಗನ್ನು ಒಡೆಯನ ಖರ್ಚಿನಲ್ಲಿಯೇ ಹಿಂದಿರುಗಿಸತಕ್ಕದ್ದು. ಇದರಿಂದ ಉಳ್ಳವರ ಸುಖಕ್ಕೆ ತೊಡಕಾಗುವುದಾದರೆ, ಕಸವನ್ನು ಕಡಿಮೆ ಮಾಡುವ ವಿದ್ಯೆಯನ್ನು ಅವರು ಆಗಲಾದರೂ ಕಲಿತಾರು.